ಗದ್ದೆಯಲ್ಲಿ ಸತ್ತವನು ‘ನಾಗರಿಕ’ ಹೇಗಾದ?

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಎಲ್ಲ ಯುದ್ಧದ ಸುದ್ದಿಯ ಪದಗಳೇ. ಮದುವೆ ಕಾಗದದ ಕಾಗುಣಿತ ಕೇಳಿದ ಇಬ್ಬರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಮುಹೂರ್ತ ಅಷ್ಟರೊಳಗೆ ಇಲ್ಲ ಅಂತ ನೋಡಿಕೊಂಡೇ ಹೇಳುತ್ತಿದ್ದೇನೆ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆಗೆ ಒಂದು ಕನ್ನಡ ಪೇಪರ್, ಒಂದು ಮಲಯಾಳಂ ಪೇಪರ್ ಬರುತ್ತದೆ. ಎರಡರಲ್ಲೂ ಅದೇ ಬಾಂಬ್ ದಾಳಿಯ ಸುದ್ದಿ. ಅಲ್ಲಿ ಸತ್ತವರು ‘ಸಾಧಾರಣಕ್ಕಾರ್’, ಇಲ್ಲಿ ಸತ್ತವರು ‘ನಾಗರಿಕರು’. ಓದಿ ನೋಡಿದರೆ ಪಾಪ, ಗದ್ದೆ ಕೆಲಸದವರು. ಏಳನೇ ಕ್ಲಾಸಿನ ಮಗಳು ‘ಅಮ್ಮಾ, ನಾಗರಿಕ ಅಂದ್ರೆ ಪೇಟೆಯವ ಅಲ್ವಾ?’ ಅಂತ ಕೇಳಿದಳು. ಏನು ಹೇಳಲಿ? (ಶಾಲೆಯ ಟೀಚರೊಬ್ಬರು, ಕುಂಬಳೆ)

ಉತ್ತರ: ಮಗಳು ಕೇಳಿದ್ದು ಸರಿಯಾಗಿಯೇ ಉಂಟು ಟೀಚರ್. ನಗರದಿಂದ ನಾಗರಿಕ, ಪದ ಹುಟ್ಟಿದ್ದು ಪೇಟೆಯಲ್ಲೇ. ಆಮೇಲೆ ಅದಕ್ಕೆ ಒಂದರ ಮೇಲೊಂದು ಕೆಲಸ ಬಿತ್ತು. ಪೇಟೆಯವನಿಗೆ ನಯನಾಜೂಕು ಜಾಸ್ತಿ ಅಂತ ಯಾರೋ ನಂಬಿದ್ದರಿಂದ ‘ಸಭ್ಯ’ ಅನ್ನುವ ಅರ್ಥ ಬಂತು, ಒರಟಾಗಿ ನಡೆದುಕೊಂಡವನಿಗೆ ಈಗಲೂ ‘ಅನಾಗರಿಕ’ ಅಂತಲೇ ಬೈಯುವುದು. ದೇಶದ ಪ್ರಜೆ ಅನ್ನುವ ಅರ್ಥವೂ ಬಂತು, ‘ಹಿರಿಯ ನಾಗರಿಕರಿಗೆ’ ಅಂತ ಬಸ್ಸಿನಲ್ಲಿ ಸೀಟು ಬಿಟ್ಟದ್ದು ಆ ಲೆಕ್ಕದಲ್ಲಿ. ಕೊನೆಗೆ ಇಂಗ್ಲಿಷಿನ ‘ಸಿವಿಲಿಯನ್’ಗೂ ಇದನ್ನೇ ಹಚ್ಚಿಬಿಟ್ಟರು. ಮೂರು ಮನೆಯ ಕೆಲಸಕ್ಕೆ ಒಬ್ಬನೇ ಆಳು.

ಇದು ಕನ್ನಡದ್ದೊಂದೇ ಕಥೆ ಅಲ್ಲ. ಉರ್ದುವಿನಲ್ಲಿ ಈ ಅರ್ಥಕ್ಕೆ ‘ಶಹರಿ’ ಅನ್ನುತ್ತಾರೆ, ಅದು ಶಹರದಿಂದ ಬಂದದ್ದು. ಅರಬ್ಬಿಯಲ್ಲಿ ‘ಮದನಿ’, ಅದು ಮದೀನಾ ಅಂದರೆ ಪಟ್ಟಣ ಅನ್ನುವುದರಿಂದ ಬಂದದ್ದು. ನಿಮ್ಮ ಕುಂಬಳೆಯಲ್ಲಿ ಗಲ್ಫ್‌ಗೆ ಹೋಗಿ ಬಂದವರನ್ನು ಕೇಳಿ, ಅಲ್ಲಿ ಬೆಂಕಿ ಆರಿಸುವ ಗಾಡಿಯ ಮೇಲೆ ಈ ಮದನಿ ಬರೆದಿರುವುದನ್ನು ನೋಡಿರುತ್ತಾರೆ, ಅಲ್ಲಿ ಆ ಇಲಾಖೆಯ ಹೆಸರೇ ‘ನಾಗರಿಕ ರಕ್ಷಣೆ’. ಮಲಯಾಳದ ‘ಪೌರನ್’ ಕೂಡ ಪುರದವನೇ. ನಮ್ಮಲ್ಲಿ ಪೌರ ಅನ್ನುವುದು ಮುನಿಸಿಪಾಲಿಟಿ ಪಾಲಾಯಿತು, ಪೌರಕಾರ್ಮಿಕ, ಪೌರಾಯುಕ್ತ ಅಂತ. ಆದರೆ ‘ಪೌರತ್ವ’ ಮಾತ್ರ ಹೇಗೋ ಉಳಿದುಕೊಂಡಿತು. ಹಾಗಾಗಿ ಕನ್ನಡದಲ್ಲಿ ಪೌರತ್ವ ಇರುವವನು ಪೌರ ಅಲ್ಲ, ನಾಗರಿಕ! ಒಟ್ಟಿನಲ್ಲಿ ಯಾವ ಭಾಷೆಯಲ್ಲಿ ಸತ್ತರೂ ಗದ್ದೆಯವನು ಪೇಟೆಯವನಾಗಿಯೇ ಸಾಯಬೇಕು. ತಮಿಳಿನವರು ಮಾತ್ರ ‘ಪೊದುಮಕ್ಕಳ್’ ಅಂತ ಬರೆದು ಈ ಗೋಜಲಿನಿಂದ ಪಾರಾಗಿದ್ದಾರೆ, ನಮ್ಮ ‘ಸಾರ್ವಜನಿಕರು’ ಇದ್ದ ಹಾಗೆ.

ಮಲಯಾಳಂ ಪೇಪರಿನ ‘ಸಾಧಾರಣಕ್ಕಾರ್’ ಕೇಳಲು ಹಿತವಾಗಿದೆ. ಆದರೆ ಸತ್ತವರಲ್ಲಿ ಒಬ್ಬರು ದೊಡ್ಡ ಡಾಕ್ಟರ್, ಇನ್ನೊಬ್ಬರು ನಾಲ್ಕು ಕಟ್ಟಡದ ಯಜಮಾನರು ಅಂತಿಟ್ಟುಕೊಳ್ಳಿ. ಸಾಧಾರಣದವರಲ್ಲ, ಆದರೂ ಸಿವಿಲಿಯನ್ ಹೌದು.

ಇಂಗ್ಲಿಷ್ ಪದವೂ ಏನು ಸಾಚಾ ಅಲ್ಲ. ಮೊದಲಿಗೆ ಸಿವಿಲಿಯನ್ ಅಂದರೆ ರೋಮನ್ನರ ಸಿವಿಲ್ ಕಾನೂನು ಓದಿದ ಪಂಡಿತ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನಮ್ಮ ದೇಶದಲ್ಲಿ ಸಿವಿಲಿಯನ್ ಅಂದರೆ ಕಂಪನಿಯ ಕಚೇರಿ ಸಾಹೇಬ, ಕಲೆಕ್ಟರ್ ತರದವನು. ಕಾಸರಗೋಡು ವಿದ್ಯಾನಗರದಲ್ಲಿ ಸರ್ಕಾರಿ ಕಚೇರಿಗಳಿರುವ ನಮ್ಮ ‘ಸಿವಿಲ್ ಸ್ಟೇಷನ್’ ಅನ್ನುವ ಹೆಸರಿನಲ್ಲಿ ಆ ಕಾಲದ ವಾಸನೆ ಇನ್ನೂ ಇದೆ. ಸೈನ್ಯದವನಲ್ಲದ ಯಾರಾದರೂ ಸರಿ ಅನ್ನುವ ಅರ್ಥ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಸಿವಿಲ್ ಇಂಜಿನಿಯರ್ ಕಥೆಯೂ ಇದೇ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ತನ್ನನ್ನು ಹಾಗೆ ಕರೆದುಕೊಂಡಿದ್ದು, ಕೋಟೆ ಫಿರಂಗಿ ಕಟ್ಟುವ ಸೈನ್ಯದ ಇಂಜಿನಿಯರ್ ತಾನಲ್ಲ ಅಂತ ಹೇಳುವುದಕ್ಕೆ.

ಮಗಳಿಗೆ ಹೀಗೆ ಹೇಳಿ: ಯುದ್ಧದ ಸುದ್ದಿಯಲ್ಲಿ ನಾಗರಿಕ ಅಂದರೆ ಸೈನ್ಯಕ್ಕೆ ಸೇರದವನು, ಅಷ್ಟೇ. ಆದರೆ ಒಂದು ಎಚ್ಚರ. ‘ಇಬ್ಬರು ಭಾರತೀಯ ನಾಗರಿಕರ ಸಾವು’ ಅಂದರೆ ಅದು ಪಾಸ್‌ಪೋರ್ಟಿನ ಮಾತು. ‘ದಾಳಿಯಲ್ಲಿ ನಾಗರಿಕರ ಸಾವು’ ಅಂದರೆ ಸಮವಸ್ತ್ರದ ಮಾತು. ಸೈನಿಕನೂ ದೇಶದ ನಾಗರಿಕನೇ. ಯುದ್ಧ ನಡೆಯುವ ಊರಿನ ಆಸ್ಪತ್ರೆಯಲ್ಲಿರುವ ನಮ್ಮ ಕಡೆಯ ನರ್ಸ್ ಆ ದೇಶದ ನಾಗರಿಕಳಲ್ಲ, ಆದರೆ ಯುದ್ಧದ ಲೆಕ್ಕದಲ್ಲಿ ನಾಗರಿಕಳು. ಈ ತೊಡಕು ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ ಸೈನಿಕರಿಗಾಗಿ ಬರೆದ ಲೀಬರ್ ಸಂಹಿತೆಯಲ್ಲೂ ‘ಆಯುಧವಿಲ್ಲದ ನಾಗರಿಕ’ ಅಂತ ಒಂದು ಬಾಲ ಸೇರಿಸಿದ್ದಾರೆ. ನಮ್ಮ ಪೇಪರಿನವರೂ ಗೊಂದಲ ಬರುವ ಕಡೆ ‘ಸೈನಿಕರಲ್ಲದವರು’ ಅಂತ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಪ್ರಶ್ನೆ: ‘ನಾಗರಿಕ’ ತುಂಬ ತಣ್ಣಗಿನ ಪದ ಅನಿಸುತ್ತದೆ. ‘ಅಮಾಯಕರು’ ಅಂತ ಬರೆದರೆ ಮನಸ್ಸಿಗೆ ತಟ್ಟುತ್ತದೆ. ಅದನ್ನೇ ಯಾಕೆ ಬಳಸಬಾರದು? (ಪೆರ್ಲದ ಓದುಗರು)

ಉತ್ತರ: ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಮಾಯಕ ಅಂದರೆ ಮಾಯೆ, ಕಪಟ ಇಲ್ಲದವನು. ‘ಅವ ಅಮಾಯಕ, ಯಾರು ಕಾಗದ ಕೊಟ್ಟರೂ ಸೈನ್ ಹಾಕುತ್ತಾನೆ’ ಅಂತ ಹೇಳುವುದಿಲ್ವಾ, ಹಾಗೆ. ಮುಗ್ಧ ಅನ್ನುವುದೂ ಅದೇ ಸಾಲಿನದ್ದು, ಸಂಸ್ಕೃತದಲ್ಲಿ ಅದರ ಮೂಲ ಅರ್ಥ ದಿಕ್ಕು ತೋಚದವನು, ಪೆದ್ದ. ನಮ್ಮ ಕಡೆ ‘ಪಾಪದವರು’, ತುಳುವಿನಲ್ಲಿ ‘ಪಾಪದಕುಲು’, ಮಲಯಾಳದಲ್ಲಿ ‘ಪಾವಙ್ಙಳ್’. ಪಾಪ ಅನ್ನುವ ಪದ ದೋಷವನ್ನು ಬಿಟ್ಟು ಕನಿಕರದ ಕಡೆಗೆ ದಾಟಿದ್ದು ಹೇಗೆ ಅನ್ನುವುದೇ ಒಂದು ಚಂದದ ವಿಷಯ, ಇನ್ನೊಮ್ಮೆ ಬರೆಯುತ್ತೇನೆ. ಈ ಎಲ್ಲ ಪದಗಳೂ ಒಂದು ಕೆಲಸ ಮಾಡುತ್ತವೆ. ಸತ್ತವನಿಗೆ ನಡತೆ ಸರ್ಟಿಫಿಕೇಟ್ ಕೊಡುತ್ತವೆ.

ಈಗ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ರಾತ್ರೋರಾತ್ರಿ ಪಕ್ಕದ ತೋಟದ ಗಡಿಕಲ್ಲು ಸರಿಸುವವನು, ಅಡಿಕೆ ತೂಕದಲ್ಲಿ ಕೈಚಳಕ ತೋರಿಸುವವನು, ಚಹಾದ ಅಂಗಡಿಯಲ್ಲಿ ಕೂತು ‘ಒಂದು ಸಲ ಯುದ್ಧ ಆಗಿಯೇ ಹೋಗಲಿ’ ಅಂತ ಮೇಜು ಕುಟ್ಟುವವನು. ಅಮಾಯಕನಾ? ಖಂಡಿತ ಅಲ್ಲ. ಅವನ ಹೆಂಡತಿಯೂ ಒಪ್ಪಲಿಕ್ಕಿಲ್ಲ. ಆದರೆ ಯುದ್ಧ ಬಂದರೆ ಅವನು ನೂರಕ್ಕೆ ನೂರು ನಾಗರಿಕ, ಅವನ ಮೇಲೆ ಗುರಿಯಿಟ್ಟು ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಒಳ್ಳೆಯವನು ಅಂತ ಕಾನೂನು ಅವನನ್ನು ಕಾಯುವುದಿಲ್ಲ, ಕಾದಾಡುತ್ತಿಲ್ಲ ಅಂತ ಕಾಯುತ್ತದೆ.

ಇದು ನನ್ನ ಸ್ವಂತ ತತ್ವ ಅಲ್ಲ. ಯುದ್ಧಕ್ಕೆ ನಿಯಮ ಹಾಕಿದ 1949ರ ಆಗಸ್ಟ್ 12ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ನಾಲ್ಕನೆಯದು ಇಡೀ ಇಂಥ ಜನರಿಗಾಗಿಯೇ ಇದೆ. 1977ರಲ್ಲಿ ಆ ಒಪ್ಪಂದಗಳಿಗೆ ಸೇರಿಸಿದ ಮೊದಲ ಪ್ರೋಟೋಕಾಲಿನ, ಅಂದರೆ ಪೂರಕ ಒಪ್ಪಂದದ, 50ನೇ ವಿಧಿ ನಾಗರಿಕ ಯಾರು ಅಂತ ಹೇಳುವ ರೀತಿಯೇ ಮಜಾ. ಇಂಥವನು ನಾಗರಿಕ ಅಂತ ಎಲ್ಲೂ ಹೇಳುವುದಿಲ್ಲ, ಸೈನ್ಯಕ್ಕೆ ಸೇರದವರೆಲ್ಲ ನಾಗರಿಕರು ಅನ್ನುತ್ತದೆ. ಅನುಮಾನ ಬಂದರೆ? ನಾಗರಿಕ ಅಂತಲೇ ತಿಳಿಯಬೇಕು ಅನ್ನುತ್ತದೆ. ಜನರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಸೈನಿಕ ಸೇರಿಕೊಂಡ ಮಾತ್ರಕ್ಕೆ ಇಡೀ ಊರು ಸೈನ್ಯ ಆಗಿಬಿಡುವುದಿಲ್ಲ ಅಂತಲೂ ಅದೇ ವಿಧಿಯಲ್ಲಿದೆ. 51ನೇ ವಿಧಿ ಪ್ರಕಾರ, ನೇರವಾಗಿ ಕಾದಾಟಕ್ಕೆ ಇಳಿದರೆ ಇಳಿದಷ್ಟು ಹೊತ್ತು ಆ ರಕ್ಷೆ ತಪ್ಪುತ್ತದೆ. ತೆರಿಗೆ ಕಟ್ಟುವುದು, ಘೋಷಣೆ ಕೂಗುವುದು, ಸೈನಿಕರಿಗೆ ಗಂಜಿ ಬೇಯಿಸಿ ಹಾಕುವುದು ನೇರ ಕಾದಾಟ ಅಲ್ಲ. ಗುಂಡು ಹಾರುತ್ತಿರುವ ಜಾಗಕ್ಕೆ ಮದ್ದುಗುಂಡು ಹೊತ್ತುಕೊಂಡು ಹೋದರೆ ಹೌದು. ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರ ನಾಗರಿಕ, ಆದರೆ ಕಾರ್ಖಾನೆ ಗುರಿ ಆಗಬಹುದು. ಅವನ ಹಣೆಬರಹ ಅಷ್ಟು ಸಪೂರದ ಗೆರೆಯ ಮೇಲೆ.

ಭಾರತ 1949ರ ಒಪ್ಪಂದಗಳಿಗೆ ಸೇರಿದೆ, 1960ರಲ್ಲಿ ಅದಕ್ಕಾಗಿ ಕಾಯ್ದೆಯನ್ನೂ ಮಾಡಿದೆ. 1977ರ ಪ್ರೋಟೋಕಾಲಿಗೆ ಮಾತ್ರ ಸೇರಿಲ್ಲ. ಹಾಗಂತ ಸೈನಿಕ ಯಾರು, ನಾಗರಿಕ ಯಾರು ಅಂತ ಬೇರೆ ಮಾಡಿ ನೋಡಲೇಬೇಕು ಅನ್ನುವ ನಿಯಮದಿಂದ ಯಾವ ದೇಶವೂ ತಪ್ಪಿಸಿಕೊಳ್ಳುವಂತಿಲ್ಲ, ಅದು ಸಹಿ ಇದ್ದರೂ ಇಲ್ಲದಿದ್ದರೂ ಎಲ್ಲರಿಗೂ ಅನ್ವಯ ಆಗುವ ರೂಢಿಯ ಕಾನೂನು ಅಂತ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ 2005ರಲ್ಲಿ ತಂದ ದೊಡ್ಡ ಅಧ್ಯಯನದಲ್ಲಿ ಮೊದಲ ನಿಯಮವಾಗಿಯೇ ಬರೆದಿದೆ.

ಈಗ ನಿಮ್ಮ ಅಮಾಯಕರಿಗೆ ಬರೋಣ. ಇವತ್ತು ‘ಅಮಾಯಕ ಬಲಿ’ ಅಂತ ಹೆಡ್‌ಲೈನ್ ಹಾಕುತ್ತೀರಿ. ನಾಳೆ ಬೆಳಿಗ್ಗೆ ಯಾರೋ ವಾಟ್ಸಾಪಿನಲ್ಲಿ ಅವನ ಹಳೇ ಫೋಟೋ ಕಳಿಸುತ್ತಾರೆ, ಯಾವುದೋ ಮೆರವಣಿಗೆಯಲ್ಲಿ ಬಾವುಟ ಹಿಡಿದದ್ದು. ‘ಇವನಾ ಅಮಾಯಕ?’ ಅಂತ ಕೇಳುತ್ತಾರೆ. ಅಲ್ಲಿಗೆ ಮಾತು ಬಾಂಬ್ ಹಾಕಿದವನನ್ನು ಬಿಟ್ಟು ಸತ್ತವನ ಜಾತಕಕ್ಕೆ ತಿರುಗುತ್ತದೆ. ಆ ಬಾಗಿಲು ತೆರೆದು ಕೊಟ್ಟದ್ದು ನಮ್ಮದೇ ಪದ. ‘ನಾಗರಿಕ’ ತಣ್ಣಗಿದೆ ಹೌದು, ಆದರೆ ಅದಕ್ಕೆ ಆ ಬಾಗಿಲೇ ಇಲ್ಲ.

‘ಮಹಿಳೆಯರು, ಮಕ್ಕಳು ಸೇರಿದಂತೆ’ ಅನ್ನುವುದನ್ನೂ ಸ್ವಲ್ಪ ನೋಡಿಕೊಂಡು ಬರೆಯಬೇಕು. ಎಣಿಕೆಗೆ ಬೇಕು ನಿಜ, ಮಕ್ಕಳಿಗೆ ಕಾನೂನಿನಲ್ಲೇ ಬೇರೆ ರಕ್ಷೆ ಇದೆ. ಆದರೆ ಪ್ರತಿ ಸಲ ಅದೊಂದೇ ಹೇಳಿದರೆ, ಉಳಿದ ನಲವತ್ತು ವರ್ಷದ ಬಡಗಿ, ಬಸ್ ಡ್ರೈವರ್, ಅಂಗಡಿಯವ ಏನು ಬಂದೂಕು ಹಿಡಿದಿದ್ದರಾ ಅಂತ ಓದುಗನಿಗೆ ಒಳಗೊಳಗೇ ಅನುಮಾನ ಬರುತ್ತದೆ. ಅದಕ್ಕಿಂತ ಬಡಗಿಯನ್ನು ಬಡಗಿ ಅಂತಲೇ ಬರೆಯಿರಿ. ಮನಸ್ಸಿಗೆ ತಟ್ಟಬೇಕು ಅಂದಿರಲ್ಲ, ಅದು ತಟ್ಟುತ್ತದೆ.

ಮನೆಯಲ್ಲಿ ಟಿವಿ ನೋಡುತ್ತಾ ‘ಅಯ್ಯೋ ಪಾಪದವರು’ ಅನ್ನಲಿಕ್ಕೆ ನನ್ನ ಅಡ್ಡಿಯಿಲ್ಲ. ನಾನೂ ಅನ್ನುತ್ತೇನೆ.

ಪ್ರಶ್ನೆ: ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು ನಾನು. ಅಲ್ಲಿ ಹೊರಗಿನವರನ್ನೆಲ್ಲ ‘ಸಿವಿಲಿಯನ್’ ಅನ್ನುತ್ತಿದ್ದೆವು, ಸ್ವಲ್ಪ ತಮಾಷೆಯಿಂದಲೇ. ಈಗ ನಾನೂ ಸಿವಿಲಿಯನ್ನಾ? ಪೊಲೀಸರು ಯಾವ ಕಡೆ? (ಮುಳ್ಳೇರಿಯದ ನಿವೃತ್ತ ಯೋಧರು)

ಉತ್ತರ: ಹೌದು ಸರ್, ನೀವು ಈಗ ನಮ್ಮ ಗುಂಪಿಗೆ ಬಂದಿರಿ. ಪುನಃ ಸೇವೆಗೆ ಕರೆಸಿಕೊಂಡರೆ ಮಾತ್ರ ಲೆಕ್ಕ ಬದಲು. ರಜೆಯಲ್ಲಿ ಬಂದು ತೋಟಕ್ಕೆ ನೀರು ಬಿಡುತ್ತಿರುವ ಸೈನಿಕ ಆದರೋ ಲುಂಗಿಯಲ್ಲಿದ್ದರೂ ಕಾನೂನಿನ ಕಣ್ಣಿಗೆ ಸೈನಿಕನೇ. ಪೊಲೀಸರು ಸಾಮಾನ್ಯವಾಗಿ ನಾಗರಿಕರು, ಸರ್ಕಾರ ಅವರನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದರೆ ಬೇರೆ. ತಮಾಷೆ ಅಂದರೆ ಪೊಲೀಸರು ನಮ್ಮನ್ನು ಸಿವಿಲಿಯನ್ ಅನ್ನುವುದಿಲ್ಲ, ‘ಪಬ್ಲಿಕ್’ ಅನ್ನುತ್ತಾರೆ.

ಪೊಲೀಸರ ಮಾತು ಬಂದಾಗ ನೆನಪಾಯಿತು, ‘ಮಫ್ತಿ’. ಸಮವಸ್ತ್ರ ಇಲ್ಲದೆ ಬಂದ ಪೊಲೀಸರು ಮಫ್ತಿಯಲ್ಲಿದ್ದರು ಅಂತ ಓದುತ್ತೇವಲ್ಲ, ಅದು ಬ್ರಿಟಿಷ್ ಸೈನ್ಯದ ಆಡುಮಾತಿನಿಂದ ಬಂದದ್ದು, ಮೂಲ ಅರಬ್ಬಿಯ ಮುಫ್ತಿ. ಮುಫ್ತಿ ಅಂದರೆ ಯಾರು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ, ಶರೀಅತ್ ಬಲ್ಲ ವಿದ್ವಾಂಸರು. ಸಿವಿಲಿಯನ್ ಅಂದರೆ ರೋಮನ್ ಕಾನೂನು ಓದಿದ ಪಂಡಿತ ಅಂದೆನಲ್ಲ. ಎರಡು ಊರಿನ ಇಬ್ಬರು ಕಾನೂನು ಪಂಡಿತರು ಕೊನೆಗೆ ಸಮವಸ್ತ್ರ ಇಲ್ಲದವರ ಗುರುತಾಗಿ ಒಂದೇ ಕಡೆ ಬಂದು ಕೂತರು!

ಪ್ರಶ್ನೆ: ಹಳೆಗನ್ನಡದಲ್ಲಿ ಸಿವಿಲಿಯನ್‌ಗೆ ಪದ ಇತ್ತಾ? (ಕನ್ನಡ ಎಂ.ಎ. ವಿದ್ಯಾರ್ಥಿನಿ, ಕಾಸರಗೋಡು)

ಉತ್ತರ: ಹುಡುಕುವ ದಾರಿ ಸ್ವಲ್ಪ ಬದಲಿಸಿ ನೋಡಮ್ಮ. ವೀರಗಲ್ಲು ಶಾಸನಗಳಲ್ಲಿ ವೀರ ಯಾಕೆ ಸತ್ತ ಅಂತ ಬರೆದಿರುತ್ತದೆ. ತುರುಗೊಳ್, ಅಂದರೆ ಊರಿನ ದನ ಹೊಡೆದುಕೊಂಡು ಹೋದದ್ದು. ಪೆಣ್ಬುಯ್ಯಲ್, ಹೆಣ್ಣಿನ ಮೊರೆ, ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಕೂಗು. ಊರಳಿವು, ಊರೇ ನಾಶ ಆದದ್ದು. ಇಲ್ಲಿ ಜನರಿಗೆ ಹೆಸರಿಲ್ಲ, ಜನರಿಗೆ ಆದ ಕೇಡಿಗೆ ಹೆಸರಿದೆ. ನನಗೆ ಇದು ತುಂಬ ಇಷ್ಟ. ‘ನಾಗರಿಕ ಪ್ರದೇಶಕ್ಕೆ ಹಾನಿ’ ಅಂತ ಬರೆಯುವ ಬದಲು ‘ಊರಳಿವು’ ಅಂತ ಬರೆದು ನೋಡಿ, ಏನಾಯಿತು ಅನ್ನುವುದು ಒಂದೇ ಪದದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಆ ಕಲ್ಲುಗಳ ವೀರರಲ್ಲಿ ಎಷ್ಟೋ ಮಂದಿ ರಾಜನ ಸಂಬಳದ ಆಳುಗಳಲ್ಲ, ಊರಿನವರೇ. ದನದ ಹಿಂದೆ ಕತ್ತಿ ಹಿಡಿದು ಓಡಿದವನು ಯಾವ ಗುಂಪು? ಇದಕ್ಕೆ ಇವತ್ತಿನ ಕಾನೂನಿನಲ್ಲೂ ಹತ್ತಿರದ ಜಾಗ ಇದೆ. ಶತ್ರು ಸೈನ್ಯ ಮೇಲೆ ಬೀಳುವಾಗ, ಪಡೆ ಕಟ್ಟಿಕೊಳ್ಳಲು ಪುರುಸೊತ್ತಿಲ್ಲದೆ ಕೈಗೆ ಸಿಕ್ಕಿದ ಆಯುಧ ಹಿಡಿದು ಎದ್ದ ಊರಿನವರು, ಆಯುಧ ಮುಚ್ಚಿಡದೆ ಯುದ್ಧದ ನಿಯಮ ಪಾಲಿಸಿದರೆ, ಸಿಕ್ಕಿಬಿದ್ದಾಗ ಅವರನ್ನು ಯುದ್ಧಕೈದಿಗಳ ಹಾಗೆ ನಡೆಸಿಕೊಳ್ಳಬೇಕು. 1907ರ ಹೇಗ್ ನಿಯಮದಲ್ಲೂ 1949ರ ಮೂರನೇ ಜಿನೀವಾ ಒಪ್ಪಂದದಲ್ಲೂ ಇದೆ.

ಇನ್ನೂ ಹಿಂದಕ್ಕೆ ಹೋದರೆ ಮೌರ್ಯರ ಕಾಲದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಇದ್ದಾನೆ. ಎರಡು ಸೈನ್ಯ ಕಾದಾಡುವಾಗ ಪಕ್ಕದಲ್ಲೇ ರೈತರು ನೆಮ್ಮದಿಯಿಂದ ಉಳುತ್ತಿರುತ್ತಾರೆ ಅಂತ ಭಾರತದ ಬಗ್ಗೆ ಬರೆದಿದ್ದ. ಎಲ್ಲ ಕಡೆ ಹಾಗೇ ಇತ್ತು ಅಂತ ನಾನು ನಂಬುವುದಿಲ್ಲ, ಹಾಗಿದ್ದರೆ ಊರಳಿವು ಅನ್ನುವ ಪದಕ್ಕೆ ಕೆಲಸ ಇರುತ್ತಿರಲಿಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುಂಚೆ ಎರಡೂ ಕಡೆಯವರು ಮಾಡಿಕೊಂಡ ಕರಾರಿನಲ್ಲಿ, ಭೇರಿ ಶಂಖ ಬಾರಿಸುವವರನ್ನು ಹೊಡೆಯಬಾರದು ಅಂತ ಇದೆ. ತಾಳಮದ್ದಳೆ ಮುಗಿಸಿ ಬಂದ ಚೆಂಡೆಯವರೊಬ್ಬರಿಗೆ ಇದನ್ನು ಹೇಳಿದೆ. ‘ಹಾಗಾದರೆ ಹಿಮ್ಮೇಳಕ್ಕೆ ಭಯ ಇಲ್ಲ, ಸಂಬಳವೂ ಇಲ್ಲ’ ಅಂದರು.

ಪ್ರಶ್ನೆ: ಸೈನಿಕ ಸತ್ತರೆ ‘ಹುತಾತ್ಮ’, ಜನ ಸತ್ತರೆ ‘ಬಲಿ’. ಇದು ಸರಿಯಾ? (ಮಂಜೇಶ್ವರ)

ಉತ್ತರ: ಹುತಾತ್ಮ ಅಂದರೆ ತನ್ನನ್ನೇ ಬೆಂಕಿಗೆ ಅರ್ಪಿಸಿಕೊಂಡವನು. ಅಲ್ಲಿ ಅವನ ಇಷ್ಟ ಇದೆ. ಬಲಿಯಲ್ಲಿ ಹಾಗಲ್ಲ. ಯಾರೋ ಯಾರಿಗೋ ಕೊಡುವುದು ಬಲಿ. ನಮ್ಮ ಕಡೆ ದೇವಸ್ಥಾನದಲ್ಲಿ ‘ಬಲಿ’ ಅಂದರೆ ಉತ್ಸವದ ದಿನ ದೇವರು ಅಂಗಳಕ್ಕೆ ಬರುವ ಹೊತ್ತು, ಸಂಭ್ರಮದ ಪದ. ಅದನ್ನೇ ಮರುದಿನ ‘ಬಾಂಬ್‌ಗೆ 12 ಬಲಿ’ ಅಂತ ಓದುವಾಗ ನನಗಂತೂ ಗಂಟಲಲ್ಲಿ ಸಿಕ್ಕಿದ ಹಾಗಾಗುತ್ತದೆ. ಹೆಡ್‌ಲೈನಿಗೆ ಎರಡೇ ಅಕ್ಷರ, ಜಾಗ ಕಡಿಮೆ, ಡೆಸ್ಕಿನವರ ಕಷ್ಟ ಗೊತ್ತು. ‘ಸಾವು’ ಕೂಡ ಎರಡೇ ಅಕ್ಷರ.

ಅದಕ್ಕಿಂತ ಜಾಸ್ತಿ ನೋಡಬೇಕಾದದ್ದು ಕ್ರಿಯಾಪದ. ‘ಕ್ಷಿಪಣಿ ಬಿದ್ದು ಐವರ ಸಾವು.’ ತೆಂಗಿನಕಾಯಿ ಬೀಳುತ್ತದೆ. ಕ್ಷಿಪಣಿ ತಾನಾಗಿ ಬೀಳುವುದಿಲ್ಲ, ಯಾರೋ ಹಾರಿಸಿರುತ್ತಾರೆ. ನಮ್ಮ ಶತ್ರು ಮಾಡಿದಾಗ ‘ಕೊಂದರು’, ನಮಗೆ ಬೇಕಾದವರು ಮಾಡಿದಾಗ ‘ಬಿದ್ದು ಸತ್ತರು’, ಈ ವ್ಯತ್ಯಾಸ ಗಮನಿಸಿ ನೋಡಿ.

ನಾನೂ ತಪ್ಪು ಮಾಡಿದವನೇ. 1999ರ ಕಾರ್ಗಿಲ್ ಸಮಯದಲ್ಲಿ ರಾತ್ರಿ ಪಾಳಿಯಲ್ಲಿ ಒಂದು ಪೇಪರಿಗೆ ಸುದ್ದಿ ಅನುವಾದ ಮಾಡುತ್ತಿದ್ದೆ. ಇಂಗ್ಲಿಷಿನಲ್ಲಿ ‘ಕ್ಯಾಶುವಾಲ್ಟಿ’ ಅಂತ ಇತ್ತು, ಸುಮ್ನೆ ‘ಸಾವು’ ಅಂತ ಹಾಕಿದೆ. ಸೈನ್ಯದ ಭಾಷೆಯಲ್ಲಿ ಅದರೊಳಗೆ ಗಾಯಗೊಂಡವರೂ ಕಾಣೆಯಾದವರೂ ಬರುತ್ತಾರೆ. ಬದುಕಿದ್ದ ಎಷ್ಟು ಮಂದಿಯನ್ನು ಆ ರಾತ್ರಿ ಸಾಯಿಸಿದೆನೋ. ಕನ್ನಡದಲ್ಲಿ ‘ಸಾವುನೋವು’ ಅಂತ ಅದಕ್ಕೆ ತಕ್ಕ ಜೋಡಿಪದ ಮೊದಲಿಂದಲೂ ಇತ್ತು, ನನ್ನ ತಲೆಗೆ ಹೊಳೆಯಲಿಲ್ಲ.

ಪ್ರಶ್ನೆ: ನನ್ನ ತಂದೆ 1990ರಲ್ಲಿ ಕುವೈಟಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರು. ಅವರು ‘ನಿರಾಶ್ರಿತ’ ಆಗಿದ್ದರಾ? (ಉಪ್ಪಳ)

ಉತ್ತರ: ಆ ವರ್ಷ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಒಳಗೆ ನುಗ್ಗಿದ ಮೇಲೆ ಸುಮಾರು 1,70,000 ಭಾರತೀಯರನ್ನು, ಹೆಚ್ಚಿನವರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತಂದರು. ನಿಮ್ಮ ತಂದೆಯವರು ಯುದ್ಧಕ್ಕೆ ಸಿಕ್ಕಿಕೊಂಡ ನಾಗರಿಕರು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದದ ಲೆಕ್ಕದಲ್ಲಿ ನಿರಾಶ್ರಿತ ಅಂದರೆ ಕಿರುಕುಳದ ಭಯದಿಂದ ಸ್ವಂತ ದೇಶ ಬಿಟ್ಟು ಹೊರಗಿರುವವನು. ಇವರು ಬಂದದ್ದು ಸ್ವಂತ ದೇಶಕ್ಕೆ. ಕನ್ನಡದಲ್ಲಿ ನೆರೆಗೆ ಮನೆ ಹೋದವರಿಗೂ ನಿರಾಶ್ರಿತ ಅನ್ನುತ್ತೇವೆ, ಅದಕ್ಕೆ ‘ಸಂತ್ರಸ್ತ’ ವಾಸಿ. ನಿಮ್ಮ ಊರಿನಲ್ಲಿ ಅಂಥವರಿಗೆ ‘ಕುವೈಟಿಂದ ಓಡಿ ಬಂದವರು’ ಅಂತ ಹೇಳುತ್ತಾರಲ್ಲ, ಅದಕ್ಕಿಂತ ಒಳ್ಳೆ ಪದ ನನ್ನ ಹತ್ತಿರ ಇಲ್ಲ.

ಪ್ರಶ್ನೆ: 2025ರ ಮೇ 7ರಂದು ಸೈರನ್ ಹಾಕಿ ಅಭ್ಯಾಸ ಮಾಡಿದರಲ್ಲ, ‘ನಾಗರಿಕ ರಕ್ಷಣೆ’ ಅಂತ. ಅದು ನಾಗರಿಕರನ್ನು ರಕ್ಷಿಸುವುದಾ, ನಾಗರಿಕರೇ ರಕ್ಷಿಸುವುದಾ? (ಬದಿಯಡ್ಕದ ಹೈಸ್ಕೂಲ್ ಹುಡುಗ)

ಉತ್ತರ: ಶಹಭಾಸ್ ಮಗಾ, ಸಮಾಸ ಬಿಡಿಸುವುದು ನಿನ್ನಿಂದ ಕಲಿಯಬೇಕು. ಎರಡೂ ಹೌದು. 1968ರ ಕಾಯ್ದೆ ಪ್ರಕಾರ, ಕಾದಾಟ ಒಂದನ್ನು ಬಿಟ್ಟು ಜನರನ್ನು, ಆಸ್ತಿಯನ್ನು ಕಾಯಲು ಮಾಡುವ ಕೆಲಸ ಅದು. ಮಾಡುವವರಲ್ಲಿ ಸ್ವಯಂಸೇವಕರೂ ಇರುತ್ತಾರೆ, ಅಂದರೆ ನಿನ್ನ ನನ್ನ ಹಾಗಿನವರೇ. ಕಿತ್ತಳೆ ಬಣ್ಣದ ಮೇಲೆ ನೀಲಿ ತ್ರಿಕೋನ ಕಂಡರೆ ಅದು ಅವರ ಗುರುತು, ಅದರ ಮೇಲೂ ಗುಂಡು ಹಾರಿಸುವಂತಿಲ್ಲ. ಸೈರನ್ ಭಾಷೆಯಲ್ಲಿ ಎರಡೇ ಮಾತು. ಸದ್ದು ಏರುತ್ತಾ ಇಳಿಯುತ್ತಾ ಇದ್ದರೆ ಅಪಾಯ, ಒಂದೇ ಸಮ ಇದ್ದರೆ ಹೊರಗೆ ಬರಬಹುದು.